ಶುಶ್ರೂಷೆಗೆ ಬಿಟ್ಟ ದತ್ತಿ

ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಒಂದು ಘಟಿಕಾಸ್ಥಾನವಿತ್ತು. ಅದರ ಶಾಸನದಲ್ಲಿ ವಿದ್ಯೆಯ ಹೊಗಳಿಕೆಗಿಂತ ಲೆಕ್ಕಾಚಾರವೇ ಹೆಚ್ಚು ಕುತೂಹಲ ಹುಟ್ಟಿಸುತ್ತದೆ. ಓದುವ ಹುಡುಗರ ಊಟ ಬಟ್ಟೆಗೆ ಇಷ್ಟು, ಪಾಠ ಹೇಳುವವರಿಗೆ ಇಷ್ಟು, ಪುಸ್ತಕ ಕಾಯುವ ಸರಸ್ವತಿ ಭಂಡಾರಿಗರಿಗೆ ಇಷ್ಟು ಎಂದು ವಿಂಗಡಿಸಿ ದತ್ತಿ ಬಿಟ್ಟಿದ್ದಾರೆ. ಬಿಟ್ಟವರು ಲೋಕ ಕಂಡವರು. ಓದುವ ಹುಡುಗನ ಅನ್ನಕ್ಕೆ ಬೇರೆ ದಾರಿ ಮಾಡದಿದ್ದರೆ ಅವನು ಯಾರದೋ ಹೊಲದಲ್ಲಿ ಕಳೆ ಕೀಳುತ್ತಾ, ಓದನ್ನು ರಾತ್ರಿಗೆ ಮುಂದೂಡುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು.

ದತ್ತಿಯ ಹೆಸರಿನಲ್ಲಿ ನಡೆಯುವ ಉಪನ್ಯಾಸ ದತ್ತಿಯ ಮಾತಿನಿಂದಲೇ ಶುರುವಾದರೆ ತಪ್ಪಿಲ್ಲ. ಇಲ್ಲಿನ ವಿಷಯ ಅಮೆರಿಕದ ನ್ಯೂ ಹೇವನ್ ಊರಿನಲ್ಲಿರುವ ಯೇಲ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆ. ಯೇಲ್ ಎಂಬ ಹೆಸರೂ ದತ್ತಿಯಿಂದ ಬಂದದ್ದೇ, ಅದೂ ನಮ್ಮ ನೆರೆಯಿಂದ. ಎಲಿಹು ಯೇಲ್ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಕೋಟೆಯ ಗವರ್ನರ್ ಆಗಿದ್ದವನು. ಅಧಿಕಾರದಲ್ಲಿದ್ದುಕೊಂಡು ಸ್ವಂತ ವ್ಯಾಪಾರ ಬೆಳೆಸಿಕೊಂಡನೆಂದು ಆರೋಪ ಹೊತ್ತು 1692ರಲ್ಲಿ ಕುರ್ಚಿ ಕಳೆದುಕೊಂಡ. ಹಾಗೆ ಗಳಿಸಿದ ಸಂಪತ್ತಿನಿಂದ 1718ರಲ್ಲಿ ಅಮೆರಿಕದ ಒಂದು ಪುಟ್ಟ ಕಾಲೇಜಿಗೆ ಒಂಬತ್ತು ಮೂಟೆ ಸರಕು, 417 ಪುಸ್ತಕ ಮತ್ತು ಇಂಗ್ಲೆಂಡಿನ ದೊರೆಯ ಒಂದು ಚಿತ್ರಪಟ ಕಳಿಸಿದ. ಸರಕು ಮಾರಿ ಬಂದ ಹಣದಲ್ಲಿ ಕಟ್ಟಡ ಎದ್ದಿತು, ಕಾಲೇಜಿಗೆ ಅವನ ಹೆಸರಾಯಿತು. ಇದಾಗಿ 205 ವರ್ಷಕ್ಕೆ ಅದೇ ಅಂಗಳದಲ್ಲಿ ನರ್ಸಿಂಗ್ ಶಾಲೆ ತೆರೆಯಿತು.

ಆ ಹೊತ್ತಿಗೆ ಅಮೆರಿಕದಲ್ಲಿ ನರ್ಸಿಂಗ್ ಶಾಲೆಗಳಿಗೇನೂ ಬರವಿರಲಿಲ್ಲ. ಕೊರತೆ ಇದ್ದದ್ದು ಅವುಗಳ ಸ್ವಂತ ಗಂಟಿಗೆ.

ಹಿಂದಿನ ಕತೆಯನ್ನು ಸ್ವಲ್ಪ ನೋಡಬೇಕು. ಕ್ರಿಮಿಯಾ ಯುದ್ಧದ ಕಾಲದಲ್ಲಿ ಬ್ರಿಟಿಷ್ ಜನ ಕೃತಜ್ಞತೆಯಿಂದ ಸುಮಾರು 45,000 ಪೌಂಡ್ ಒಟ್ಟುಮಾಡಿ ಫ್ಲಾರೆನ್ಸ್ ನೈಟಿಂಗೇಲ್ ಕೈಗಿಟ್ಟರು. ಆ ನಿಧಿಯ ಬಲದ ಮೇಲೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 15 ಹೆಣ್ಣುಮಕ್ಕಳೊಂದಿಗೆ ಶಾಲೆ ಶುರುವಾಯಿತು. ಅಮೆರಿಕದಲ್ಲಿ ಈ ಮಾದರಿ ಹಿಡಿದ ಮೊದಲ ಮೂರು ಶಾಲೆಗಳು 1873ರಲ್ಲಿ ಹುಟ್ಟಿದವು: ನ್ಯೂಯಾರ್ಕಿನ ಬೆಲ್‌ವ್ಯೂ, ಬಾಸ್ಟನ್, ಮತ್ತು ನ್ಯೂ ಹೇವನ್ನಿನ ಕನೆಕ್ಟಿಕಟ್ ಟ್ರೇನಿಂಗ್ ಸ್ಕೂಲ್. ಮುಂದೆ ಯೇಲ್ ಶಾಲೆ ಬೇರು ಬಿಟ್ಟದ್ದು ಈ ಮೂರನೆಯದರ ಮಣ್ಣಿನಲ್ಲಿ.

ಆದರೆ ಲಂಡನ್ನಿನಿಂದ ಬಂದ ಮಾದರಿಯಲ್ಲಿ ಮುಖ್ಯವಾದ ಒಂದು ಅಂಶ ದಾರಿಯಲ್ಲೇ ಉದುರಿಹೋಯಿತು. ಸಮವಸ್ತ್ರ, ಶಿಸ್ತು, ಹಾಸ್ಟೆಲ್, ಮೇಟ್ರನ್ ಎಲ್ಲವೂ ಬಂದವು, ನಿಧಿ ಬರಲಿಲ್ಲ. ಆಸ್ಪತ್ರೆಗಳು ಬೇಗ ಲೆಕ್ಕ ಹಾಕಿದವು. ಸಂಬಳದ ನರ್ಸುಗಳನ್ನು ಇಟ್ಟುಕೊಳ್ಳುವುದಕ್ಕಿಂತ ಒಂದು ಶಾಲೆ ತೆರೆದರೆ, ಊಟ ವಸತಿ ಮತ್ತು ಕೈಖರ್ಚಿನ ಕಾಸಿಗೆ ಇಡೀ ವಾರ್ಡು ನಡೆಯುತ್ತದೆ. 1880ರಲ್ಲಿ 15 ಇದ್ದ ಶಾಲೆಗಳು 1900ರ ಹೊತ್ತಿಗೆ 432 ಆದವು. ಈ ಅಂಕಿಗಳನ್ನು ಶಿಕ್ಷಣದ ಪ್ರಗತಿ ಎಂದು ಓದುವವರೂ ಇದ್ದಾರೆ. ಅಗ್ಗದ ಕೂಲಿಯ ಪ್ರಗತಿ ಎಂದು ಓದುವುದು ಹೆಚ್ಚು ಸರಿ. ನೆಲ ಒರೆಸುವುದು, ಬೆಡ್‌ಪ್ಯಾನ್ ತೊಳೆಯುವುದು, ಬ್ಯಾಂಡೇಜ್ ಸುತ್ತುವುದು ಮುಗಿದು ಕಣ್ಣು ಎಳೆಯುವ ಹೊತ್ತಿಗೆ ಡಾಕ್ಟರು ಬಂದು ಪಾಠ ಹೇಳುತ್ತಿದ್ದರು. ವಾರ್ಡಿನಲ್ಲಿ ಕೈ ಕಡಿಮೆಯಾದ ದಿನ ಆ ಪಾಠವೂ ಇಲ್ಲ.

ಇದನ್ನು ಬಲ್ಲವರು ಸುಮ್ಮನೆ ಕೂತಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು 1899ರಲ್ಲಿ ನರ್ಸುಗಳಿಗಾಗಿಯೇ ಒಂದು ಕೋರ್ಸು ತೆರೆಯಿತು. 1907ರಲ್ಲಿ ಅಡಿಲೇಡ್ ನಟಿಂಗ್ ಅಲ್ಲಿ ಪ್ರೊಫೆಸರ್ ಆದರು. ನರ್ಸೊಬ್ಬರು ವಿಶ್ವವಿದ್ಯಾಲಯದ ಪ್ರೊಫೆಸರ್ ಆದದ್ದು ಜಗತ್ತಿನಲ್ಲಿ ಅದೇ ಮೊದಲು. 1909ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯ ರಿಚರ್ಡ್ ಬಿಯರ್ಡ್ ಎಂಬ ವೈದ್ಯರ ಒತ್ತಾಸೆಯಿಂದ ತನ್ನೊಳಗೇ ನರ್ಸಿಂಗ್ ಶಾಲೆ ಆರಂಭಿಸಿತು. ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಗಳ ವಂಶಾವಳಿ ಬರೆಯುವವರು ಸಾಮಾನ್ಯವಾಗಿ ಈ ಮಿನೆಸೋಟದಿಂದ ಶುರುಮಾಡುತ್ತಾರೆ. ಹಾಗಿದ್ದೂ ಅಲ್ಲಿ ಕೊನೆಗೆ ಸಿಗುತ್ತಿದ್ದದ್ದು ಮೂರು ವರ್ಷದ ಡಿಪ್ಲೊಮಾ, ಮತ್ತು ವಿದ್ಯಾರ್ಥಿನಿಯರ ಕೈಗಳು ಎಂದಿನಂತೆ ಆಸ್ಪತ್ರೆಯ ಕೆಲಸಕ್ಕೆ ಮೀಸಲು.

ಗಂಟು ಬಿಚ್ಚಿದವರು ನರ್ಸೂ ಅಲ್ಲ, ಡಾಕ್ಟರೂ ಅಲ್ಲ. ಜೋಸೆಫಿನ್ ಗೋಲ್ಡ್‌ಮಾರ್ಕ್ ಎಂಬಾಕೆ ಕಾರ್ಖಾನೆಯ ಕೆಲಸದ ಹೊತ್ತು ಮತ್ತು ದಣಿವನ್ನು ಅಳೆದು ಬರೆದವರು. ಒರೆಗಾನ್ ರಾಜ್ಯದ ಲಾಂಡ್ರಿಗಳಲ್ಲಿ ಹೆಂಗಸರು ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಯಬಾರದೆಂಬ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟು 1908ರಲ್ಲಿ ಎತ್ತಿಹಿಡಿಯಿತಲ್ಲ, ಆ ಮೊಕದ್ದಮೆಗೆ ಅಂಕಿ ಅಂಶ ಜೋಡಿಸಿಕೊಟ್ಟವರಲ್ಲಿ ಇವರೂ ಒಬ್ಬರು. ಮೊದಲ ಮಹಾಯುದ್ಧ ಮುಗಿದ ಮೇಲೆ ರಾಕ್‌ಫೆಲರ್ ಫೌಂಡೇಶನ್ ನರ್ಸಿಂಗ್ ಶಿಕ್ಷಣದ ಬಗ್ಗೆ ಒಂದು ಸಮಿತಿ ನೇಮಿಸಿತು. ಯೇಲ್‌ನ ಸಾರ್ವಜನಿಕ ಆರೋಗ್ಯದ ಪ್ರೊಫೆಸರ್ ವಿನ್ಸ್‌ಲೋ ಅದರ ಅಧ್ಯಕ್ಷರು. ಊರೂರು ಸುತ್ತಿ ನೋಡಿ ಬರುವ ಕೆಲಸ ಗೋಲ್ಡ್‌ಮಾರ್ಕ್ ಪಾಲಿಗೆ ಬಂತು. ಆ ಆಯ್ಕೆಯಲ್ಲೇ ಅರ್ಧ ಉತ್ತರವಿತ್ತು ಎನ್ನಬೇಕು. ಲಾಂಡ್ರಿಯ ಹೆಂಗಸರನ್ನು ಕಂಡಿದ್ದ ಕಣ್ಣಿಗೆ ವಾರ್ಡಿನ ವಿದ್ಯಾರ್ಥಿನಿ ಬೇರೆಯಾಗಿ ಕಾಣಲಿಲ್ಲ.

1923ರಲ್ಲಿ ಅಚ್ಚಾದ ವರದಿ ತೋರಿಸಿಕೊಟ್ಟದ್ದು ಸರಳ ಸಂಗತಿ. ಆಸ್ಪತ್ರೆಯ ಧರ್ಮ ಇಂದಿನ ರೋಗಿಯನ್ನು ನೋಡಿಕೊಳ್ಳುವುದು, ಶಾಲೆಯ ಧರ್ಮ ನಾಳಿನ ನರ್ಸನ್ನು ತಯಾರುಮಾಡುವುದು. ಎರಡಕ್ಕೂ ಒಬ್ಬರೇ ಯಜಮಾನಿ, ಒಂದೇ ಥೈಲಿ ಇದ್ದರೆ ಪ್ರತಿಸಲ ಸೋಲುವುದು ಶಾಲೆಯೇ. ಆದ್ದರಿಂದ ಶಾಲೆಗೆ ಪ್ರತ್ಯೇಕ ಹಣ ಬೇಕು, ಕೆಲವಾದರೂ ವಿಶ್ವವಿದ್ಯಾಲಯದ ಅಂಗವಾಗಬೇಕು, ಕಸಗುಡಿಸುವ ಹೊತ್ತನ್ನು ತೆಗೆದುಹಾಕಿದರೆ ಮೂರು ವರ್ಷದ ಓದನ್ನು 28 ತಿಂಗಳಿಗೆ ಇಳಿಸಬಹುದು.

ಆ ವರ್ಷವೇ ಎರಡು ಕಡೆ ಪ್ರಯೋಗ ನಡೆಯಿತು. ಕ್ಲೀವ್‌ಲ್ಯಾಂಡಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯಕ್ಕೆ ಫ್ರಾನ್ಸಿಸ್ ಪೇನ್ ಬೋಲ್ಟನ್ ಎಂಬ ಸಿರಿವಂತ ಮಹಿಳೆ ತಮ್ಮ ಕೈಯಿಂದ ದತ್ತಿ ಕೊಟ್ಟರು. ಯೇಲ್‌ಗೆ ರಾಕ್‌ಫೆಲರ್ ಫೌಂಡೇಶನ್ ಐದು ವರ್ಷದ ಮಟ್ಟಿಗೆ 1,50,000 ಡಾಲರ್ ಕೊಟ್ಟಿತು. ಶಾಶ್ವತ ದತ್ತಿಯಲ್ಲ, ಮಾಡಿ ತೋರಿಸಿ ನೋಡೋಣ ಎಂಬ ಹಣ.

ಮಾಡಿ ತೋರಿಸಲು ಬಂದವರು ಆನಿ ಗುಡ್‌ರಿಚ್. ವಯಸ್ಸು 57. ಮನೆಮನೆಗೆ ಹೋಗಿ ಬಡವರ ಆರೈಕೆ ಮಾಡುವ ನ್ಯೂಯಾರ್ಕಿನ ಹೆನ್ರಿ ಸ್ಟ್ರೀಟ್ ನರ್ಸುಗಳನ್ನು ಮುನ್ನಡೆಸಿದ್ದವರು, 1918ರಲ್ಲಿ ಸೈನ್ಯದ ನರ್ಸಿಂಗ್ ಶಾಲೆಯನ್ನು ಕಟ್ಟಿ ನಿಲ್ಲಿಸಿದವರು. ಯೇಲ್‌ನಲ್ಲಿ ಡೀನ್ ಪದವಿಗೇರಿದ ಮೊದಲ ಹೆಂಗಸು ಇವರೇ. ಆ ಕಾಲದ ಯೇಲ್ ಎಂಥದ್ದೆಂದರೆ, ಅದರ ಪದವಿ ಕಾಲೇಜಿಗೆ ಹೆಣ್ಣುಮಕ್ಕಳು ಕಾಲಿಟ್ಟದ್ದು 1969ರಲ್ಲಿ. ಅಲ್ಲಿಯವರೆಗೆ, ಅಂದರೆ 46 ವರ್ಷ, ಗಂಡಸರ ಆ ವಿದ್ಯಾಪೀಠದ ಒಂದು ಮೂಲೆಯಲ್ಲಿ ಹೆಂಗಸರೇ ಕಟ್ಟಿ ಹೆಂಗಸರೇ ಆಳಿದ ಒಂದು ಶಾಲೆ ನಡೆಯುತ್ತಿತ್ತು.

ಪಾಠದ ಕ್ರಮದಲ್ಲಿ ಗುಡ್‌ರಿಚ್ ಮಾಡಿದ ಬದಲಾವಣೆ ಮೇಲ್ನೋಟಕ್ಕೆ ಚಿಕ್ಕದು. ಬೇರೆಡೆ ಒಬ್ಬ ಹುಡುಗಿ ಇಡೀ ವಾರ್ಡಿನ ಜ್ವರ ನೋಡುತ್ತಿದ್ದಳು, ಇನ್ನೊಬ್ಬಳು ಎಲ್ಲರಿಗೂ ಎನಿಮಾ ಕೊಡುತ್ತಿದ್ದಳು, ಮತ್ತೊಬ್ಬಳು ಎಲ್ಲರ ಹಾಸಿಗೆ ಬದಲಿಸುತ್ತಿದ್ದಳು. ಕೆಲಸ ಬೇಗ ಮುಗಿಯುತ್ತಿತ್ತು, ರೋಗಿ ಮಾತ್ರ ಹರಿದು ಹಂಚಿಹೋಗುತ್ತಿದ್ದ. ಯೇಲ್‌ನಲ್ಲಿ ವಿದ್ಯಾರ್ಥಿನಿಗೆ ಕೆಲಸದ ಬದಲು ರೋಗಿಯನ್ನು ವಹಿಸಿದರು. ಆ ರೋಗಿಯ ಜ್ವರ, ಊಟ, ನಿದ್ದೆ, ಮನೆಯ ಚಿಂತೆ ಎಲ್ಲ ಅವಳ ಪಾಠ. ಅವನು ಬಿಡುಗಡೆಯಾಗಿ ಹೋದ ಮೇಲೆ ಆ ಮನೆಯ ಪರಿಸ್ಥಿತಿಯೂ ಪಾಠ. ಆಸ್ಪತ್ರೆಯ ಮೇಸ್ತ್ರಿಗಿರಿಯಲ್ಲಿ ಇದು ನಡೆಯುವ ಮಾತಲ್ಲ, ಹೊತ್ತು ಜಾಸ್ತಿ ಹಿಡಿಯುತ್ತದೆ. ಆ ಹೊತ್ತನ್ನು ಕೊಂಡದ್ದು ದತ್ತಿ.

ಹಳೆಯ ಕನೆಕ್ಟಿಕಟ್ ಶಾಲೆ ಇದೇ ದಶಕದಲ್ಲಿ ತನ್ನ ಕೆಲಸವನ್ನು ಯೇಲ್‌ಗೆ ಒಪ್ಪಿಸಿ ಮುಚ್ಚಿತು. ಐದು ವರ್ಷದ ಪ್ರಯೋಗ ಫೌಂಡೇಶನ್ನಿಗೆ ಒಪ್ಪಿಗೆಯಾಗಿ, 1929ರಲ್ಲಿ ಹತ್ತು ಲಕ್ಷ ಡಾಲರಿನ ಕಾಯಂ ದತ್ತಿ ಬಂತು. ಅದೇ ವರ್ಷ ಅಮೆರಿಕದ ಷೇರುಪೇಟೆ ಕುಸಿದದ್ದನ್ನು ನೆನೆದರೆ, ಶಾಲೆ ಕೂದಲೆಳೆಯಲ್ಲಿ ದಡ ಸೇರಿದಂತೆ ಕಾಣುತ್ತದೆ. 1934ರಲ್ಲಿ ಇನ್ನೊಂದು ಹೆಜ್ಜೆ: ಬೇರೆ ವಿಷಯದಲ್ಲಿ ಪದವಿ ಪಡೆದವರಿಗೆ ಮಾತ್ರ ಪ್ರವೇಶ, ಮುಗಿಸಿದವರಿಗೆ ಮಾಸ್ಟರ್ ಆಫ್ ನರ್ಸಿಂಗ್. ಆ ವರ್ಷ ಗುಡ್‌ರಿಚ್ ನಿವೃತ್ತರಾಗಿ, ಕೆನಡಾ ಮೂಲದ ಎಫಿ ಟೇಲರ್ ಡೀನ್ ಆದರು. ಮನೋರೋಗಿಗಳ ಶುಶ್ರೂಷೆಯಲ್ಲಿ ಪಳಗಿದ ಟೇಲರ್ 1937ರಿಂದ ಹತ್ತು ವರ್ಷ ಅಂತರರಾಷ್ಟ್ರೀಯ ನರ್ಸುಗಳ ಮಂಡಳಿಯ ಅಧ್ಯಕ್ಷರೂ ಹೌದು. ಆ ಹತ್ತರಲ್ಲಿ ಆರು ವರ್ಷವನ್ನು ಯುದ್ಧವೇ ನುಂಗಿತು.

ಯುದ್ಧ ಮುಗಿದ ಮರುವರ್ಷ ನ್ಯೂ ಹೇವನ್ ಆಸ್ಪತ್ರೆಯಲ್ಲಿ ನಡೆದ ಒಂದು ಪ್ರಯೋಗ ಕೇಳಿದರೆ ನಮ್ಮ ಅಜ್ಜಿಯರು ನಗುತ್ತಿದ್ದರು. ಹೆತ್ತ ತಾಯಿಯನ್ನೂ ಕೂಸನ್ನೂ ಒಂದೇ ಕೋಣೆಯಲ್ಲಿ ಇಡುವುದು! ಅಮೆರಿಕದ ಆಸ್ಪತ್ರೆಗಳು ಶಿಶುಗಳನ್ನೆಲ್ಲ ಗಾಜಿನಾಚೆ ಸಾಲಾಗಿ ಮಲಗಿಸಿ, ಗಡಿಯಾರ ನೋಡಿ ಹಾಲೂಡಿಸಲು ತರುತ್ತಿದ್ದ ಕಾಲ ಅದು. ಮಕ್ಕಳ ಮನೋವೈದ್ಯೆ ಎಡಿತ್ ಜಾಕ್ಸನ್ ಮುಂದಾಳತ್ವದಲ್ಲಿ 1946ರಲ್ಲಿ ತಾಯಿ ಮಗು ಜೊತೆಗಿರುವ ಘಟಕ ತೆರೆಯಿತು. ನಮ್ಮ ಬಾಣಂತಿ ಕೋಣೆಗೆ ವಿಶ್ವವಿದ್ಯಾಲಯದ ಮುದ್ರೆ ಬೀಳಲು ಅಷ್ಟು ದೂರ ಹೋಗಬೇಕಾಯಿತು ನೋಡಿ. ಮುಂದಿನ ದಶಕದಲ್ಲಿ ನರ್ಸಿಂಗ್ ಶಾಲೆಗೆ ಸೇರಿದ ಅರ್ನೆಸ್ಟೀನ್ ವೀಡನ್‌ಬಾಕ್ ಹೆರಿಗೆಯನ್ನು ಇಡೀ ಕುಟುಂಬದ ಸಂಗತಿಯಾಗಿ ನೋಡುವ ಪುಸ್ತಕ ಬರೆದರು. ಸೂಲಗಿತ್ತಿತನವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸಲು ಶಾಲೆ ಮುಂದಾಯಿತು.

ಅದೇ ದಶಕದ ಇನ್ನೊಂದು ಕೆಲಸ ಇದಕ್ಕಿಂತ ಆಳದ್ದು. ಐಡಾ ಜೀನ್ ಒರ್ಲಾಂಡೊ ವಾರ್ಡುಗಳಲ್ಲಿ ಕೂತು ನರ್ಸು ಮತ್ತು ರೋಗಿಯ ನಡುವಿನ ಸುಮಾರು 2,000 ಮುಖಾಮುಖಿಗಳನ್ನು ಬರೆದುಕೊಂಡರು. ಯಾವುದು ಒಳ್ಳೆಯ ನರ್ಸಿಂಗ್, ಯಾವುದು ಕೆಟ್ಟದ್ದು ಎಂದು ಎರಡು ರಾಶಿ ಮಾಡಿದರು. ಎರಡಕ್ಕೂ ಇದ್ದ ವ್ಯತ್ಯಾಸ ಕೈಚಳಕದ್ದಾಗಿರಲಿಲ್ಲ. ರೋಗಿಗೆ ಏನು ಬೇಕೆಂದು ತಾನೇ ಊಹಿಸಿಕೊಂಡು ಕೆಲಸಕ್ಕಿಳಿದ ನರ್ಸು ಸೋಲುತ್ತಿದ್ದಳು. ತನಗೆ ತೋಚಿದ್ದನ್ನು ರೋಗಿಯ ಮುಂದಿಟ್ಟು, ಹೌದೇ ಎಂದು ಕೇಳಿ ತಿಳಿದವಳು ಗೆಲ್ಲುತ್ತಿದ್ದಳು. ನಮ್ಮ ಯಾವ ಜಿಲ್ಲಾಸ್ಪತ್ರೆಯಲ್ಲಾದರೂ ಇದನ್ನು ಕಾಣಬಹುದು. ಮೂರನೇ ಸಲ ಕರೆದು ನೀರು ಕೇಳುವ ಮುದುಕನಿಗೆ ಬೇಕಿರುವುದು ನೀರಲ್ಲದೆ ಇರಬಹುದು. ನಾಳೆಯ ಆಪರೇಷನ್ನಿಗೆ ಮಗ ಬರುತ್ತಾನೋ ಇಲ್ಲವೋ ಎಂಬ ದಿಗಿಲು ಅವನನ್ನು ಕಾಡುತ್ತಿರಬಹುದು. ಒರ್ಲಾಂಡೊ 1961ರಲ್ಲಿ ಇದನ್ನೆಲ್ಲ ಒಂದು ಪುಟ್ಟ ಪುಸ್ತಕವಾಗಿಸಿದರು.

ಅವರಿಗೆ ಸಂಸ್ಕೃತ ಬಂದಿದ್ದರೆ ಒಂದು ಸೋಜಿಗ ಕಾಣುತ್ತಿತ್ತು. ಶುಶ್ರೂಷೆ ಎಂಬ ಪದದ ಧಾತು ಶ್ರು, ಅಂದರೆ ಕೇಳು. ಶುಶ್ರೂಷೆ ಎಂದರೆ ಮೂಲದಲ್ಲಿ ಕೇಳುವ ಆಸೆ. ಸೇವೆ ಎಂಬ ಅರ್ಥ ಆಮೇಲೆ ಕೂಡಿಕೊಂಡದ್ದು. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಈಗ ಶುಶ್ರೂಷಾಧಿಕಾರಿ. ಫಲಕದ ಮೇಲೆ ಪದ ಉದ್ದವಾಗಿದೆ, ಕೇಳಿಸಿಕೊಳ್ಳುವಷ್ಟು ಹೊತ್ತು ಅವರ ಪಾಳಿಯಲ್ಲಿ ಉಳಿದಿದೆಯೇ ಎಂಬುದನ್ನು ಅವರನ್ನೇ ವಿಚಾರಿಸಬೇಕು.

ಇಷ್ಟಾದರೂ ಯೇಲ್‌ನ ಹಾದಿ ಹೂವಿನದಾಗಿರಲಿಲ್ಲ. 1950ರ ದಶಕದಲ್ಲಿ ವಿಶ್ವವಿದ್ಯಾಲಯದ ಆಡಳಿತ, ಹೊಸಬರನ್ನು ನರ್ಸುಗಳನ್ನಾಗಿ ತಯಾರುಮಾಡುವ ಮೂಲ ಕೋರ್ಸೇ ಬೇಡ, ಆಗಲೇ ನರ್ಸುಗಳಾದವರಿಗೆ ಉನ್ನತ ಶಿಕ್ಷಣ ಕೊಟ್ಟರೆ ಸಾಕು ಎಂದು ತೀರ್ಮಾನಿಸಿತು. ಗುಡ್‌ರಿಚ್ ಕಟ್ಟಿದ ಕೋರ್ಸು ದಶಕದ ಕೊನೆಗೆ ನಿಂತಿತು. ಅದರಲ್ಲೇ ಓದಿ ಬಂದವರಿಗೆ ಇದು ನುಂಗಲಾರದ ತುತ್ತು. ಶಾಲೆ ಚಿಕ್ಕದಾಯಿತು, ಸಂಶೋಧನೆಯ ಕಡೆ ವಾಲಿತು. 1974ರಲ್ಲಿ ಡೀನ್ ಡೋನಾ ಡಿಯರ್ಸ್ ಕಾಲದಲ್ಲಿ ಹಳೆಯ ಬಾಗಿಲು ಬೇರೆ ರೂಪದಲ್ಲಿ ಮತ್ತೆ ತೆರೆಯಿತು: ಯಾವುದೇ ವಿಷಯದ ಪದವೀಧರರು ಬಂದು ಮೂರು ವರ್ಷದಲ್ಲಿ ನರ್ಸೂ ಆಗಿ ಮಾಸ್ಟರ್ಸ್ ಪದವಿಯನ್ನೂ ಪಡೆಯಬಹುದು. ಸಾಹಿತ್ಯ ಓದಿದವರು, ಗಣಿತ ಓದಿದವರು ಬಂದರು. ಡಾಕ್ಟರೇಟ್ ಶುರುವಾದದ್ದು ಇನ್ನೂ ಇಪ್ಪತ್ತು ವರ್ಷ ಕಳೆದ ಮೇಲೆ, 1994ರಲ್ಲಿ.

ಡಿಯರ್ಸ್ ಹೆಸರು ಬಂದಾಗ ಆಸ್ಪತ್ರೆಯ ಬಿಲ್ಲಿನ ವಿಷಯ ಹೇಳಲೇಬೇಕು. ಒಂದೇ ಬಗೆಯ ಕಾಯಿಲೆಗಳನ್ನು ಗುಂಪು ಮಾಡಿ, ಗುಂಪಿಗೆ ಇಷ್ಟು ಎಂದು ದರ ಕಟ್ಟುವ ಪದ್ಧತಿಯನ್ನು ರೂಪಿಸಿದವರು ಯೇಲ್‌ನ ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 1983ರಲ್ಲಿ ಅದನ್ನು ಒಪ್ಪಿಕೊಂಡಿತು. ಇವತ್ತು ನಮ್ಮ ಆಯುಷ್ಮಾನ್ ಕಾರ್ಡು ಹಿಡಿದು ಹೋದವರು ಕೇಳುವ ‘ಪ್ಯಾಕೇಜ್’ ಎಂಬ ಮಾತಿಗೆ ಅದು ದೂರದ ನೆಂಟ. ಈ ಥಾಂಪ್ಸನ್ ಮೂಲತಃ ನರ್ಸು. ಆತನಿಗೂ ಡಿಯರ್ಸ್‌ಗೂ ಒಂದು ವಿಷಯ ಚೆನ್ನಾಗಿ ತಿಳಿದಿತ್ತು. ಡಾಕ್ಟರಿಗೆ ಫೀಸು, ಔಷಧಿಗೆ ಬೆಲೆ, ಎಕ್ಸ್‌ರೇಗೆ ದರ. ನರ್ಸಿನ ಕೆಲಸ ಮಾತ್ರ ಕೋಣೆ ಬಾಡಿಗೆಯೊಳಗೆ, ದಿಂಬು ಹೊದಿಕೆಯ ಜೊತೆ ಅಡಗಿಹೋಗಿತ್ತು. ಯಾವ ಕಾಯಿಲೆಗೆ ಎಷ್ಟು ನರ್ಸಿಂಗ್ ಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತರಲು ಡಿಯರ್ಸ್ ಬಹುಕಾಲ ದುಡಿದರು.

ಭಾರತಕ್ಕೆ ವಿಶ್ವವಿದ್ಯಾಲಯದ ನರ್ಸಿಂಗ್ ಬಂದದ್ದು 1946ರಲ್ಲಿ, ಏಕಕಾಲಕ್ಕೆ ಎರಡು ಬಾಗಿಲಿನಿಂದ. ದೆಹಲಿಯಲ್ಲಿ ಸರ್ಕಾರ ತೆರೆದ ಕಾಲೇಜು, ಮುಂದೆ ಅದಕ್ಕೆ ರಾಜಕುಮಾರಿ ಅಮೃತ್ ಕೌರ್ ಹೆಸರಾಯಿತು. ಇನ್ನೊಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನದು, ಮದ್ರಾಸ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ. ಅದೇ ವರ್ಷ ಹೊರಬಂದ ಭೋರ್ ಸಮಿತಿಯ ವರದಿ ಇಡೀ ದೇಶದಲ್ಲಿ ಸುಮಾರು 7,000 ನರ್ಸುಗಳನ್ನು ಎಣಿಸಿತ್ತು, 43,000 ಜನರಿಗೆ ಒಬ್ಬರು. ಆ ಎರಡು ಕಾಲೇಜುಗಳಲ್ಲಿ ಒಂದಕ್ಕೆ ಸರ್ಕಾರದ ಥೈಲಿ, ಇನ್ನೊಂದಕ್ಕೆ ಮಿಷನ್ನಿನದು. ಎರಡರಲ್ಲೂ ಹುಡುಗಿಯ ಓದಿಗೆ ಹಿಂದಿನಿಂದ ಯಾರೋ ಆಸರೆ ನಿಂತಿದ್ದರು.

ಕರ್ನಾಟಕದ ಲೆಕ್ಕ ಬೇರೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು, ಅದರ ಕೆಳಗೆ ನೂರಾರು ನರ್ಸಿಂಗ್ ಕಾಲೇಜುಗಳು ಹುಟ್ಟಿಕೊಂಡವು. ಹೆಚ್ಚಿನವು ಖಾಸಗಿ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದವರು ಬೆಂಗಳೂರಲ್ಲಿ, ಮಂಗಳೂರಲ್ಲಿ ಓದಿ ಕೊಲ್ಲಿ ದೇಶಕ್ಕೋ ಇಂಗ್ಲೆಂಡಿಗೋ ಹಾರುತ್ತಾರೆ. ಇಲ್ಲಿ ಥೈಲಿ ವಿದ್ಯಾರ್ಥಿಯದೇ. ಅಪ್ಪನ ಅಡಿಕೆ ಅಥವಾ ರಬ್ಬರು, ಇಲ್ಲವೇ ಬ್ಯಾಂಕಿನ ಸಾಲ. ಹಳೆಯ ಅಮೆರಿಕದ ಹುಡುಗಿ ತನ್ನ ಓದಿಗೆ ಬೆವರು ಸುರಿಸಿ ತೆತ್ತಳು, ಈಗಿನವಳು ನೋಟು ಎಣಿಸಿ ತೆರುತ್ತಾಳೆ. ಅಂದು ಆಸ್ಪತ್ರೆ ವಿದ್ಯಾರ್ಥಿನಿಯನ್ನು ವಾರ್ಡಿನಿಂದ ಹೊರಗೇ ಬಿಡುತ್ತಿರಲಿಲ್ಲ. ಇಂದು ಸ್ವಂತ ಆಸ್ಪತ್ರೆಯಿಲ್ಲದ ಕಾಲೇಜಿನವರು ಬಸ್ಸು ಹತ್ತಿ ಬೇರೆಯವರ ವಾರ್ಡಿಗೆ ಹೋಗಿ, ಒಬ್ಬ ರೋಗಿಯ ಸುತ್ತ ಹಲವರು ನಿಂತು ಬ್ಲಡ್ ಪ್ರೆಷರ್ ನೋಡುತ್ತಾರೆ. ಗೋಲ್ಡ್‌ಮಾರ್ಕ್ ಇದನ್ನು ಕಂಡಿದ್ದರೆ ಇನ್ನೊಂದು ವರದಿಗೆ ಕಾಗದ ತೆಗೆಯುತ್ತಿದ್ದರು.

ಮತ್ತೆ ನ್ಯೂ ಹೇವನ್‌ಗೆ. 1963ರಲ್ಲಿ ಲಂಡನ್ನಿನ ವೈದ್ಯೆ ಸಿಸಿಲಿ ಸಾಂಡರ್ಸ್ ಯೇಲ್‌ಗೆ ಬಂದು, ಗುಣವಾಗದ ಕ್ಯಾನ್ಸರ್ ರೋಗಿಗಳ ನೋವನ್ನು ಹೇಗೆ ತಗ್ಗಿಸಬಹುದೆಂದು ಮಾತಾಡಿದರು. ಕೇಳುತ್ತಿದ್ದವರಲ್ಲಿ ಆಗಿನ ಡೀನ್ ಫ್ಲಾರೆನ್ಸ್ ವಾಲ್ಡ್ ಇದ್ದರು, ಅದೇ ಶಾಲೆಯ 1941ರ ವಿದ್ಯಾರ್ಥಿನಿ. ಮೂರು ವರ್ಷಕ್ಕೆ ಡೀನ್ ಕುರ್ಚಿ ಬಿಟ್ಟರು, ಲಂಡನ್ನಿಗೆ ಹೋಗಿ ಸಾಂಡರ್ಸ್ ಕಟ್ಟಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್‌ನಲ್ಲಿ, ಅಂದರೆ ಗುಣವಾಗದ ರೋಗಿಗಳ ಆರೈಕೆಯ ಮನೆಯಲ್ಲಿ, ಕಲಿತು ಬಂದರು. ಒಬ್ಬ ಸರ್ಜನ್, ಒಬ್ಬ ಮಕ್ಕಳ ವೈದ್ಯ, ಒಬ್ಬ ಪಾದ್ರಿ ಅವರ ಜೊತೆಗೂಡಿದರು. 1974ರಲ್ಲಿ ಅಮೆರಿಕದ ಮೊದಲ ಹಾಸ್ಪಿಸ್ ಕನೆಕ್ಟಿಕಟ್‌ನಲ್ಲಿ ಶುರುವಾಯಿತು. ಮೊದಲು ಮನೆಗೇ ಹೋಗಿ ಆರೈಕೆ, ಆಮೇಲೆ ಬ್ರಾನ್‌ಫರ್ಡ್ ಊರಿನಲ್ಲಿ ಅದಕ್ಕೊಂದು ಕಟ್ಟಡ. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಹಾಸ್ಪಿಸ್ ಟ್ರಸ್ಟಿನ ‘ಕರುಣಾಶ್ರಯ’ವೂ ಸಾಂಡರ್ಸ್ ನೆಟ್ಟ ಬಳ್ಳಿಯದೇ ಕುಡಿ. ಅಲ್ಲಿ ರೋಗಿಯಿಂದ ಕಾಸು ಪಡೆಯುವುದಿಲ್ಲ, ನಡೆಯುವುದು ಕೊಟ್ಟವರ ಕೊಡುಗೆಯಿಂದ.

ನಮ್ಮ ಬಿಎಸ್ಸಿ ನರ್ಸಿಂಗ್ ಮಕ್ಕಳು ಪರೀಕ್ಷೆಗೆ ಉರುಹೊಡೆಯುವ ಹದಿನಾಲ್ಕು ಅಂಶಗಳ ಒಂದು ಪಟ್ಟಿಯಿದೆ: ಉಸಿರಾಟ, ಊಟ, ವಿಸರ್ಜನೆ, ನಿದ್ದೆ, ಹೀಗೆ. ಅದನ್ನು ಕೊಟ್ಟ ವರ್ಜೀನಿಯಾ ಹೆಂಡರ್ಸನ್ ಗುಡ್‌ರಿಚ್ ಅವರ ಸೈನ್ಯದ ಶಾಲೆಯಲ್ಲಿ ಕಲಿತು 1921ರಲ್ಲಿ ಹೊರಬಂದವರು. 1953ರಲ್ಲಿ ಯೇಲ್ ಸೇರಿದಾಗ ಅವರಿಗೆ ಐವತ್ತಾರರ ಸುಮಾರು. 1900ರಿಂದ 1959ರವರೆಗೆ ನರ್ಸಿಂಗ್ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಅಧ್ಯಯನಗಳನ್ನೆಲ್ಲ ಹುಡುಕಿ, ಓದಿ, ಟಿಪ್ಪಣಿ ಬರೆದು ನಾಲ್ಕು ಸಂಪುಟಗಳ ಸೂಚಿ ಮಾಡಿದರು. ಅಪ್ಪಟ ಸರಸ್ವತಿ ಭಂಡಾರಿಗರ ಕೆಲಸ. ರೋಗಿಗೆ ಬಲವಿದ್ದಿದ್ದರೆ, ತಿಳಿವಿದ್ದಿದ್ದರೆ ತಾನೇ ಮಾಡಿಕೊಳ್ಳುತ್ತಿದ್ದದ್ದನ್ನು ಅವನಿಗೆ ಮಾಡಿಕೊಡುವುದು ನರ್ಸಿಂಗ್ ಎಂದು ಅವರು ವಿವರಿಸಿದ್ದರು. ಆರೋಗ್ಯದ ಕಡೆಗೋ, ಅದು ಆಗದಿದ್ದರೆ ನೆಮ್ಮದಿಯ ಸಾವಿನ ಕಡೆಗೋ. 1996ರ ಮಾರ್ಚಿನಲ್ಲಿ, 98ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡದ್ದು ಬ್ರಾನ್‌ಫರ್ಡಿನ ಹಾಸ್ಪಿಸ್‌ನಲ್ಲಿ, ನರ್ಸುಗಳ ಆರೈಕೆಯಲ್ಲಿ.